ಪರೀಕ್ಷಕನ ಕೈಯಲ್ಲಿಟ್ಟ ನಿಕ್ಷೇಪ

ಅನ್ಯರ ಬರಹವನ್ನು ತೂಗಿ ನೋಡುವ ಅಧಿಕಾರವು ಯಾರ ಕೈಗೆ ಬರುವುದೋ ಅವನಿಗೆ ವಿದ್ಯೆಯೊಂದೇ ಸಾಲದು. ಅದಕ್ಕಿಂತಲೂ ಮಿಗಿಲಾಗಿ ಸಂಯಮವು ಬೇಕು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಉತ್ತರಪತ್ರಿಕೆಗಳನ್ನು ತಿದ್ದಿದವನಾದುದರಿಂದ ಈ ಮಾತನ್ನು ಸಂಕೋಚವಿಲ್ಲದೆ ಹೇಳಬಲ್ಲೆನು. ಶಾಲೆಯ ಪರೀಕ್ಷಕನು ಎಡವಿದರೆ ಒಬ್ಬ ಹುಡುಗನ ಒಂದು ವರ್ಷ ಕೆಡಬಹುದು. ವೈದ್ಯಪತ್ರಿಕೆಗೆ ಬಂದ ಲೇಖನವನ್ನು ಪರೀಕ್ಷಿಸುವವನು ಎಡವಿದರೆ ಕೇಡು ತಟ್ಟುವುದು ಅವನು ಎಂದೂ ಕಾಣದ ರೋಗಿಯ ದೇಹಕ್ಕೆ. ಈ ಎರಡನೆಯ ಬಗೆಯ ಪರೀಕ್ಷಕನ ಧರ್ಮವೇನೆಂಬುದನ್ನು ವಾಚಕರೊಡನೆ ಕೊಂಚ ವಿಚಾರಮಾಡಬೇಕೆಂದು ನನ್ನ ಅಪೇಕ್ಷೆ.

ನನ್ನ ಸೋದರಳಿಯನು ವೈದ್ಯನು. ಇಂತಹ ಪರೀಕ್ಷಕರಲ್ಲಿ ಒಬ್ಬನು. ಪದ್ಧತಿಯನ್ನು ನನಗೆ ತಿಳಿಯಹೇಳಿದವನೂ ಅವನೇ. ಹೊಸ ಔಷಧವನ್ನೋ ಚಿಕಿತ್ಸಾಕ್ರಮವನ್ನೋ ಕುರಿತು ಲೇಖನವು ಬಂದರೆ, ಸಂಪಾದಕರು ಅದನ್ನು ಆ ವಿಷಯದಲ್ಲಿ ನುರಿತ ಇಬ್ಬರು ಮೂವರಿಗೆ ಕಳುಹಿಸುವರು. ಅವರು ಗುಣದೋಷಗಳನ್ನು ಬರೆದು, ಅಚ್ಚಿಗೆ ಯೋಗ್ಯವೆ, ತಿದ್ದತಕ್ಕುದೆ, ಬಿಡತಕ್ಕುದೆ ಎಂದು ಸಲಹೆ ಕೊಡುವರು, ತೀರ್ಮಾನವು ಸಂಪಾದಕರದು. ಅನೇಕ ಪತ್ರಿಕೆಗಳಲ್ಲಿ ಪರೀಕ್ಷಕನ ಹೆಸರು ಲೇಖಕನಿಗೆ ತಿಳಿಯದು. “ಇದಕ್ಕೆ ಏನು ಕೊಡುತ್ತಾರಪ್ಪ?” ಎಂದು ಕೇಳಿದೆನು. “ಏನೂ ಇಲ್ಲ, ಮಾವ. ನನ್ನ ಲೇಖನವನ್ನೂ ಯಾರೋ ಪುಣ್ಯಾತ್ಮರು ಕೂತು ಓದಿದ್ದರಲ್ಲ, ಆ ಋಣ” ಎಂದನು.

ನಮ್ಮ ಧರ್ಮಶಾಸ್ತ್ರಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೆಂಬುದೂ ಒಂದು. ನಂಬಿ ಇಟ್ಟ ಒಡವೆಯನ್ನು ಇಟ್ಟವನ ಒಪ್ಪಿಗೆಯಿಲ್ಲದೆ ಬಳಸಕೂಡದು. ಕೇಳಿದಾಗ ಇದ್ದಂತೆಯೇ ಹಿಂದಿರುಗಿಸಬೇಕು. ಅಚ್ಚಾಗದ ಲೇಖನವೂ ಇಂತಹ ನಿಕ್ಷೇಪವೇ ಸರಿ. ಒಡವೆಯು ಕಳುವಾದರೆ ಪೆಟ್ಟಿಗೆ ಬರಿದಾಗುವುದು. ವಿಚಾರವು ಕಳುವಾದರೆ ಪೆಟ್ಟಿಗೆಯು ತುಂಬಿದಂತೆಯೇ ಕಾಣುವುದು. ಆದುದರಿಂದಲೇ ಇಲ್ಲಿ ಆಶೆಗೆ ಎಡೆ ಹೆಚ್ಚು.

1978ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಹೆಲೆನಾ ವಾಕ್ಸ್‌ಲಿಖ್ಟ್-ರಾಡ್‌ಬಾರ್ಡ್ ಎಂಬ ತರುಣ ಸಂಶೋಧಕಿಯು, ಆಹಾರವನ್ನೇ ತೊರೆಯುವ ಅನೊರೆಕ್ಸಿಯಾ ಎಂಬ ರೋಗದಲ್ಲಿ ಇನ್ಸುಲಿನ್ನಿನ ವರ್ತನೆಯನ್ನು ಕುರಿತು ಬರೆದು, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಗೆ ಕಳುಹಿಸಿದರು. ಅದು ಪರೀಕ್ಷೆಗಾಗಿ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಗೆ ಹೋಯಿತು. ಅವರು ಅದನ್ನು ತಮ್ಮ ಕಿರಿಯ ಸಹೋದ್ಯೋಗಿಯ ಕೈಗೂ ಕೊಟ್ಟರು. ಬೇಡವೆಂಬ ಸಲಹೆಯು ಸಂಪಾದಕರಿಗೆ ತಲಪಿತು. ಕೆಲಕಾಲದ ಮೇಲೆ ಆ ಇಬ್ಬರ ಹೆಸರುಳ್ಳ ಲೇಖನವೊಂದು ಬೇರೊಂದು ಪತ್ರಿಕೆಯಿಂದ ಪರೀಕ್ಷೆಗೆಂದು ಆಕೆಯ ಮೇಲಧಿಕಾರಿಗೇ ಬಂದಿತು. ಆಕೆ ಓದಿ ನೋಡಿದರೆ ಅದರಲ್ಲಿ ತನ್ನವೇ ವಾಕ್ಯಗಳು! ವಿಚಾರಣೆಯಾಗಿ, 1980ರಲ್ಲಿ ಆ ಕಿರಿಯನು ಕೆಲಸವನ್ನು ಬಿಡಬೇಕಾಯಿತು. ಆ ಲೇಖನವು ಆಕೆಯಿದ್ದೆಡೆಗೆ ಬಾರದೆ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಹೋದ ವರ್ಷ ನನ್ನ ಅಳಿಯನಿಗೆ ಅವನದೇ ಸಂಶೋಧನೆಗೆ ತೀರ ಹತ್ತಿರವಾದ ಲೇಖನವೊಂದನ್ನು ಪರೀಕ್ಷಿಸುವಂತೆ ಕರೆ ಬಂದಿತು. ಸಾರಾಂಶವನ್ನಷ್ಟೇ ನೋಡಿ, ಕಾರಣವನ್ನು ತಿಳಿಸಿ, ಒಲ್ಲೆನೆಂದು ಅಂದೇ ಬರೆದುಬಿಟ್ಟನು. “ಆ ವಿಷಯವನ್ನು ನಿನ್ನಷ್ಟು ಬಲ್ಲವರು ಯಾರಿದ್ದಾರೆ? ಓದಿ ನ್ಯಾಯವಾಗಿಯೇ ಬರೆಯಬಹುದಾಗಿತ್ತಲ್ಲ?” ಎಂದೆನು. “ಬರೆಯಬಹುದಾಗಿತ್ತು, ಮಾವ. ಓದಿದ್ದನ್ನು ಮರೆಯೋದು ಹೇಗೆ?” ಎಂದನು. ನನಗೆ ಉತ್ತರವು ತೋಚಲಿಲ್ಲ. ಈಗಂತೂ ಲೇಖನವನ್ನು ಕೃತಕ ಬುದ್ಧಿಯ ಯಂತ್ರಕ್ಕೆ ಒಪ್ಪಿಸಿ ಅಭಿಪ್ರಾಯವನ್ನು ಬರೆಯಿಸುವ ಆಶೆಯೂ ಹುಟ್ಟಿದೆ. ಗೋಪ್ಯತೆಯ ಭರವಸೆಯಿಲ್ಲದೆಡೆ ಹಾಗೆ ಮಾಡಕೂಡದೆಂದು ವೈದ್ಯಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು 2023ರಲ್ಲಿ ವಿಧಿಸಿತು. ನಿಕ್ಷೇಪವನ್ನು ಮತ್ತೊಬ್ಬರ ಅಂಗಡಿಯಲ್ಲಿಟ್ಟು ಬರುವುದು ಕಾವಲಲ್ಲವಷ್ಟೆ.

ಇನ್ನು ನುಡಿಯ ವಿಷಯ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯರು ತಮ್ಮೊಳಗೆ ನಡೆಸುವ ಸಂಭಾಷೆಯನ್ನು ಎರಡಾಗಿ ವಿಂಗಡಿಸಿದೆ: ಸ್ನೇಹದಿಂದ ಕೂಡಿ ತತ್ತ್ವವನ್ನರಸುವುದು ಸಂಧಾಯ ಸಂಭಾಷೆ; ಎದುರಾಳಿಯನ್ನು ಗೆಲ್ಲುವುದಕ್ಕಾಗಿ ನಡೆಸುವುದು ವಿಗೃಹ್ಯ ಸಂಭಾಷೆ. ಪರೀಕ್ಷಕನಿಗೆ ಸಲ್ಲುವುದು ಮೊದಲನೆಯದು. ತನ್ನ ಹೆಸರು ಮರೆಯಾಗಿದೆಯೆಂದು ಕಟುವಾಗಿ ಬರೆಯುವುದು ಕತ್ತಲಲ್ಲಿ ನಿಂತು ಕಲ್ಲೆಸೆದಂತೆ. ತಿಂಗಳುಗಟ್ಟಲೆ ಓದದೆ ಇಟ್ಟುಕೊಳ್ಳುವುದೂ ಒಂದು ಬಗೆಯ ಹಿಂಸೆಯೇ. ಹಾಗೆಂದು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ದೋಷವನ್ನು ಮುಚ್ಚಿದರೆ ಅದು ಸೌಜನ್ಯವಲ್ಲ, ಕರ್ತವ್ಯಲೋಪ.

ತನ್ನ ಕಣ್ಣಿನ ಮಿತಿಯನ್ನೂ ಪರೀಕ್ಷಕನು ಅರಿತಿರಬೇಕು. ಬ್ರಿಟನ್ನಿನ ಬಿ.ಎಂ.ಜೆ. ಪತ್ರಿಕೆಯವರು ಒಂದು ಲೇಖನದಲ್ಲಿ ಬೇಕೆಂದೇ 8 ದೋಷಗಳನ್ನು ಸೇರಿಸಿ ತಮ್ಮ ಪರೀಕ್ಷಕರಿಗೆ ಕಳುಹಿಸಿದರು. ಅಭಿಪ್ರಾಯ ಬರೆದ 221 ಮಂದಿ ಸರಾಸರಿಯಲ್ಲಿ ಹಿಡಿದುದು 2ನ್ನು ಮಾತ್ರ ಎಂದು 1998ರಲ್ಲಿ ಪ್ರಕಟವಾಯಿತು. ಆದುದರಿಂದ ‘ಈ ಲೆಕ್ಕದ ಭಾಗವನ್ನು ನಾನು ಅರಿಯೆ, ಬಲ್ಲವರಿಂದ ನೋಡಿಸಿರಿ’ ಎಂದು ಸಂಪಾದಕರಿಗೆ ಬರೆಯುವುದು ಅವಮಾನವಲ್ಲ, ರೋಗಿಗೆ ಅದೇ ರಕ್ಷೆ.

ಈ ರಕ್ಷೆಯು ತಪ್ಪಿದರೆ ಏನಾಗುವುದೆಂಬುದಕ್ಕೆ ಕೋವಿಡ್ ಕಾಲದ ಒಂದು ನಿದರ್ಶನವುಂಟು. 2020ನೆಯ ಮೇ 22ರಂದು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದಿಂದ ಸಾವು ಹೆಚ್ಚುವುದೆಂದು ಸೂಚಿಸುವ ಲೇಖನವು ಪ್ರಕಟವಾಯಿತು. ಸುಮಾರು 96,000 ರೋಗಿಗಳ ವಿವರವು ಆಧಾರವೆಂದು ಅದರಲ್ಲಿತ್ತು. ಮೂರೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಔಷಧದ ಪ್ರಯೋಗವನ್ನು ತಡೆಹಿಡಿಯಿತು. ಆಮೇಲೆ ಬೇರೆಯವರು ಮೂಲವಿವರಗಳನ್ನು ಕೇಳಲು, ಅವನ್ನಿಟ್ಟುಕೊಂಡಿದ್ದ ಸರ್ಜಿಸ್ಫಿಯರ್ ಎಂಬ ಕಂಪನಿಯು ಕೊಡಲಿಲ್ಲ. ಜೂನ್ 4ರಂದು ಲೇಖನವು ಹಿಂತೆಗೆಯಲ್ಪಟ್ಟಿತು. ಆ ಔಷಧದಿಂದ ಕೋವಿಡ್ ರೋಗಿಗಳಿಗೆ ಪ್ರಯೋಜನವಿಲ್ಲವೆಂದು ಪ್ರಾಮಾಣಿಕವಾದ ಪ್ರಯೋಗಗಳೇ ಬಳಿಕ ತೋರಿಸಿದುವು. ಆದರೆ ಅದನ್ನು ತಿಳಿಯುವ ದಾರಿಯು ಅದಲ್ಲ. ‘ಮೂಲದ ಕಡತವನ್ನು ತೋರಿಸಿರಿ’ ಎಂಬ ಮಾತು ಅಚ್ಚಿಗೆ ಮುಂಚೆಯೇ ಹೊರಟು, ಉತ್ತರ ಬರುವವರೆಗೆ ನಿಂತಿರಬೇಕಾಗಿತ್ತು.

ಲೇಖನವೊಂದು ಪರೀಕ್ಷಕನ ಕೈಗೆ ಬಂದಾಗ ಅದರೊಡನೆ ಮೂವರ ನಂಬಿಕೆ ಬರುವುದು: ಬರೆದವನದು, ಕಳುಹಿಸಿದವನದು, ಮತ್ತು ಆ ಮದ್ದನ್ನು ಕುಡಿಯಬೇಕಾದವನದು. ಮೊದಲಿನ ಇಬ್ಬರು ತಕರಾರು ಮಾಡಬಲ್ಲರು. ಮೂರನೆಯವನಿಗೆ ಇಂತಹ ಪರೀಕ್ಷೆಯೊಂದು ನಡೆಯಿತೆಂಬುದೇ ತಿಳಿಯದು. ಅವನ ಪರವಾಗಿ ಕೇಳಬೇಕಾದವನು, ಸಂಬಳವಿಲ್ಲದೆ, ಹೆಸರಿಲ್ಲದೆ, ರಾತ್ರಿಯ ಹೊತ್ತು ದೀಪದ ಮುಂದೆ ಕುಳಿತ ಆ ಓದುಗನೇ.