ದೆವ್ವ ಬಿಡಿಸಲು ಹೋದ ರಾತ್ರಿ

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮಗಳ ಮಗನು 'ಡ್ರಾಕುಲಾ' ಕಥೆಯ ಸಂಗ್ರಹವೊಂದನ್ನು ಹಿಡಿದು ನ್ಯಾಮತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ದಿನ ಅಲ್ಲಾಡದೆ ಕುಳಿತಿದ್ದನು. ಮೂರನೆಯ ದಿನ ಪುಸ್ತಕವನ್ನು ಮಡಿಚಿ, "ತಾತಾ, ನಮ್ಮ ಕಡೆ ಹೀಗೆ ಪಿಶಾಚಿಯ ಬೇಟೆಗೆ ಹೋಗುವವರು ಇರಲಿಲ್ಲವೇ?" ಎಂದು ಕೇಳಿದನು. "ಇದ್ದರು" ಎಂದೆನು. "ನೀನು ನೋಡಿದ್ದೀಯಾ?" ನಾನೂ ಅವರಲ್ಲೊಬ್ಬನಾಗಿದ್ದೆನೆಂಬ ಮಾತು ನಾಲಗೆಯ ತುದಿಯವರೆಗೆ ಬಂದು ನಿಂತುಹೋಯಿತು. ಮಗುವಿಗೆ ಹೇಳಲಾರದೆ ಹೋದದ್ದನ್ನು ವಾಚಕರ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಹುಡುಗನು ಊಟಕ್ಕೆ ಹೋದಾಗ ಆ ಪುಸ್ತಕವನ್ನು ನಾನೂ ತಿರುವಿಹಾಕಿದೆನು. ಐರ್ಲೆಂಡಿನ ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ ಕಥೆ ಅದು. ಮನುಷ್ಯರ ರಕ್ತವನ್ನು ಹೀರಿ ಬಾಳುವ ಒಬ್ಬ ಪ್ರಭು. ಅವನನ್ನು ಬೆನ್ನಟ್ಟುವ ಒಂದು ಪುಟ್ಟ ದಂಡು. ಇಬ್ಬರು ವೈದ್ಯರು, ಒಬ್ಬ ವಕೀಲ, ಅವನ ಹೆಂಡತಿ, ಒಬ್ಬ ಶ್ರೀಮಂತ, ಅಮೆರಿಕೆಯಿಂದ ಬಂದ ಒಬ್ಬ ಸಾಹಸಿ, ಹೀಗೆ ಆರು ಮಂದಿ. ವೈದ್ಯರಲ್ಲಿ ಒಬ್ಬನು ಹುಚ್ಚರ ಆಸ್ಪತ್ರೆಯನ್ನು ನಡೆಸತಕ್ಕವನೆಂಬುದನ್ನು ಓದುವವರು ಅಷ್ಟಾಗಿ ಗಮನಿಸುವುದಿಲ್ಲ. ಕಥೆಯ ನಡುವೆ ಲೂಸಿ ಎಂಬ ತರುಣಿಯು ಸತ್ತು ತಾನೇ ಪಿಶಾಚಿಯಾಗುತ್ತಾಳೆ. ಅವಳ ಎದೆಗೆ ಗೂಟವನ್ನು ಹೊಡೆಯುವ ಕೆಲಸ ಅವಳನ್ನು ವರಿಸಬೇಕಾಗಿದ್ದವನ ಪಾಲಿಗೇ ಬರುತ್ತದೆ. ಮೊಮ್ಮಗನಿಗೆ ಅದು ಬಹಳ ಹಿಡಿಸಿದ ಭಾಗ. ನನಗೆ ಅಲ್ಲಿಂದ ಮುಂದೆ ಓದುವುದಾಗಲಿಲ್ಲ.

ನಮ್ಮ ದೇಶದ ಪಿಶಾಚಿಗಳು ಸಾಮಾನ್ಯವಾಗಿ ಕೊರಳನ್ನು ಕಚ್ಚುವ ಜಾತಿಯವಲ್ಲ. ಬೇತಾಳನಂತೂ ಹೆಗಲನ್ನೇರಿ ಕಥೆ ಹೇಳಿ ಪ್ರಶ್ನೆ ಕೇಳುವ ವಿದ್ಯಾವಂತ. ರಿಚರ್ಡ್ ಬರ್ಟನ್ನನು 1870ರಲ್ಲಿ ಆ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಪುಸ್ತಕದ ಹೆಸರಿನಲ್ಲಿಯೇ ಅವನನ್ನು ರಕ್ತ ಹೀರುವವರ ಪಂಗಡಕ್ಕೆ ಸೇರಿಸಿಬಿಟ್ಟನು. ಬೇತಾಳನಿಗೆ ಮಾಡಿದ ದೊಡ್ಡ ಅನ್ಯಾಯವಿದು. ಕೊಳ್ಳಿದೆವ್ವ, ಮೋಹಿನಿ, ಬ್ರಹ್ಮರಾಕ್ಷಸ ಮೊದಲಾದವು ದಾರಿಯಲ್ಲಿ ಹೆದರಿಸುವುವೇ ಹೊರತು ಮನೆಯೊಳಗೆ ಬರುವುದಿಲ್ಲ. ಆದರೆ 'ಗಾಳಿ' ಎನ್ನುವುದು ಬೇರೆ. ಅದು ಮೈಯನ್ನು ಹೊಕ್ಕು ಕುಳಿತುಬಿಡುತ್ತದೆ; ಅದರಲ್ಲಿಯೂ ಹೊಸದಾಗಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮೈಯೆಂದರೆ ಅದಕ್ಕೆ ವಿಶೇಷ ಪ್ರೀತಿ.

ನನ್ನ ತಂದೆಯ ಕೊನೆಯ ತಂಗಿಯನ್ನು ಜಗಳೂರಿನ ಕಡೆಗೆ ಕೊಟ್ಟಿದ್ದರು. ನ್ಯಾಮತಿ ಅರೆಮಲೆನಾಡು, ಜಗಳೂರು ಬಯಲುಸೀಮೆ, ಮಳೆಗೆ ಮುಖ ನೋಡುತ್ತ ಕುಳಿತಿರುವ ನಾಡು. ಹೋದ ಆರು ತಿಂಗಳಿಗೆ ಅವಳು ಬಾವಿಯ ಕಟ್ಟೆಯ ಬಳಿಯಲ್ಲಿ ಬಿದ್ದಳೆಂದೂ, ಕೈಕಾಲು ಸೆಟೆದುಕೊಂಡು ಬಾಯಲ್ಲಿ ನೊರೆ ಬಂದಿತೆಂದೂ, ಎದ್ದಮೇಲೆ ಏನೂ ನೆನಪಿರಲಿಲ್ಲವೆಂದೂ ಸುದ್ದಿ ಬಂದಿತು. ಮೂರನೆಯ ಸಲ ಬಿದ್ದಮೇಲೆ ಅತ್ತೆಯ ಮನೆಯವರು ಅವಳನ್ನು ಕರೆತಂದು, "ಗಾಳಿ ನಿಮ್ಮ ಊರಿನದು, ನೀವೇ ಬಿಡಿಸಿ ಕಳುಹಿಸಿರಿ" ಎಂದು ಬಿಟ್ಟುಹೋದರು. ಅದು 1974ನೆಯ ಇಸವಿ. ಆಗ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯವು; ಜಗಳೂರು ಚಿತ್ರದುರ್ಗದ್ದು; ನ್ಯಾಮತಿ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಊರು. ಇವೆಲ್ಲವನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅತ್ತೆಯ ರೋಗವು ಅದಕ್ಕೆ ಇಪ್ಪತ್ತಮೂರು ವರ್ಷ ಮೊದಲೇ ನಮ್ಮ ಮನೆಯವರನ್ನು ಈ ನಾಲ್ಕು ಸೀಮೆಗಳಲ್ಲಿ ಸುತ್ತಾಡಿಸಿತ್ತು.

ತಾಯಿತ ಕಟ್ಟಿಸಿದ್ದಾಯಿತು, ನಿವಾಳಿಸಿ ಮೂರು ದಾರಿ ಕೂಡಿದಲ್ಲಿ ಚೆಲ್ಲಿದ್ದಾಯಿತು. ಕಡೆಗೆ ಚನ್ನಗಿರಿಯ ಕಡೆ ಒಂದು ಹಳ್ಳಿಯಲ್ಲಿ ಎಂಥ ಪೀಡೆಯನ್ನಾದರೂ ಒಂದೇ ಅಮಾವಾಸ್ಯೆಗೆ ಬಿಡಿಸತಕ್ಕವನೊಬ್ಬನು ಇರುವನೆಂದು ಯಾರೋ ಹೇಳಿದರು. ನನ್ನ ದೊಡ್ಡಪ್ಪ, ನನ್ನ ತಂದೆ, ದೊಡ್ಡಪ್ಪನ ಹಿರಿಯ ಮಗ, ನಾನು, ಇಷ್ಟು ಜನ ಅತ್ತೆಯನ್ನು ಕರೆದುಕೊಂಡು ಹೊರಟೆವು. ನನಗೆ ಒಂಬತ್ತು ವರ್ಷ. ಹುಡುಗನೇಕೆ ಎಂದು ಅಜ್ಜಿ ತಡೆದಾಗ, "ಕಂದೀಲು ಹಿಡಿಯುವುದಕ್ಕೆ ಒಬ್ಬ ಬೇಕು" ಎಂದರು ದೊಡ್ಡಪ್ಪ. ಆ ಮಾತಿನಿಂದ ನನಗಾದ ಹೆಮ್ಮೆಯನ್ನು ಈಗಲೂ ಮರೆತಿಲ್ಲ. ಮರೆಯುವ ಪ್ರಯತ್ನವನ್ನೇನೋ ಮಾಡಿದ್ದೇನೆ.

ಊರ ಹೊರಗೆ ಒಂದು ಹುಣಸೆಯ ಮರ. ಅದರ ಬುಡಕ್ಕೆ ಅತ್ತೆಯನ್ನು ಕೂರಿಸಿ, ತಲೆಗೂದಲನ್ನು ಬಿಚ್ಚಿ, ಕೈಗಳನ್ನು ಹಿಂದಕ್ಕೆ ಕಟ್ಟಿದರು. ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಆ ಹೊಗೆಯನ್ನು ಮುಖಕ್ಕೆ ಹಿಡಿದರು. ನಾವೆಲ್ಲರೂ ಕೆಮ್ಮಿದೆವು; ಅವಳು ಅತ್ತಳು. ಆಮೇಲೆ ಬೇವಿನ ಬರಲು, ಅದು ಮುರಿದಮೇಲೆ ಬಾರುಕೋಲು. ಪ್ರತಿಯೊಂದು ಏಟಿಗೂ "ಯಾರು ನೀನು? ಎಲ್ಲಿಂದ ಬಂದೆ? ಹೆಸರು ಹೇಳು" ಎಂಬ ಗದರಿಕೆ. ಅವಳು ಮೊದಮೊದಲು ತನ್ನ ಹೆಸರನ್ನೇ ಹೇಳಿದಳು. ಅದು ತಪ್ಪು ಉತ್ತರವೆಂಬಂತೆ ಏಟು ಹೆಚ್ಚಿತು. ಲೆಕ್ಕದಲ್ಲಿ ಚುರುಕೆಂದು ಶಾಲೆಯಲ್ಲಿ ಹೆಸರು ಪಡೆದಿದ್ದ ನಾನು ಏಟುಗಳನ್ನು ಮನಸ್ಸಿನಲ್ಲಿಯೇ ಎಣಿಸುತ್ತಿದ್ದೆನು. ಹದಿನೇಳನೆಯದಕ್ಕೆ ಅವಳು ಬೇರೊಂದು ಹೆಸರನ್ನು ಕೂಗಿದಳು. ಹಿಂದಿನ ವರ್ಷ ನಮ್ಮ ಊರ ಬಾವಿಗೆ ಬಿದ್ದು ಸತ್ತ ಒಬ್ಬಳ ಹೆಸರು ಅದು; ಅತ್ತೆಯ ಜೊತೆಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದ ಹುಡುಗಿಯದು. ದೊಡ್ಡಪ್ಪನವರು ನಿಟ್ಟುಸಿರು ಬಿಟ್ಟು, "ಸಿಕ್ಕಿತು" ಎಂದರು. ಮಂತ್ರಗಾರನು ಅತ್ತೆಯ ಕೂದಲಿನ ಒಂದು ಎಳೆಗಂಟನ್ನು ಕತ್ತರಿಸಿ, ಮರದ ಬೊಡ್ಡೆಗೆ ಒತ್ತಿ ಹಿಡಿದು, ಮೇಲೆ ಕಬ್ಬಿಣದ ಮೊಳೆಯನ್ನು ಹೊಡೆದನು. ಆ ಮರದ ತುಂಬ ಅಂಥ ಮೊಳೆಗಳಿದ್ದುವು. ನಾನು ಕಂದೀಲನ್ನು ಎತ್ತಿ ಚೆನ್ನಾಗಿ ಬೆಳಕು ಬೀಳುವಂತೆ ಹಿಡಿದಿದ್ದೆನು.

ಆ ದಂಡಿನಲ್ಲಿ ಕೆಟ್ಟವರು ಯಾರೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ದೊಡ್ಡಪ್ಪನವರು ಅದಕ್ಕಾಗಿ ಒಂದು ಎತ್ತನ್ನು ಮಾರಿದ್ದರು. ನನ್ನ ತಂದೆ ಹಿಂದಿರುಗುವಾಗ ದಾರಿಯುದ್ದಕ್ಕೂ ತಂಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.

ಸುದ್ದಿ ನಮಗಿಂತ ಮೊದಲೇ ಊರನ್ನು ಸೇರಿತ್ತು. ಮರುದಿನ ಸಂಜೆ ಸತ್ತ ಹುಡುಗಿಯ ತಾಯಿ ನಮ್ಮ ಬಾಗಿಲಿಗೆ ಬಂದಳು. ಜಗಳಕ್ಕೆ ಬಂದಿರಬೇಕೆಂದು ಮನೆಯವರೆಲ್ಲ ಮೆಲ್ಲನೆ ಒಳಗೆ ಸರಿದರು. ಆಕೆಯ ಕೈಯಲ್ಲಿ ಸೆರಗು ಮುಚ್ಚಿದ ತಟ್ಟೆ. ಅದರಲ್ಲಿ ಎರಡು ಹೋಳಿಗೆ, ಸ್ವಲ್ಪ ಬೆಲ್ಲ. ಜಗಲಿಯ ಮೇಲೆ ಕುಳಿತು, "ನನ್ನ ಮಗಳು ಬಂದಿದ್ದಳಂತಲ್ಲ. ಏನಾದರೂ ಹೇಳಿದಳೇನು? ಹಸಿವು ಅಂದಳೇನು?" ಎಂದು ಕೇಳಿದಳು. ಬೆನ್ನು ಬಾತು ಬೋರಲಾಗಿ ಮಲಗಿದ್ದ ಅತ್ತೆ ಗೋಡೆಯನ್ನು ಹಿಡಿದುಕೊಂಡು ಎದ್ದು ಹೊರಗೆ ಹೋದಳು. ಅವರಿಬ್ಬರೂ ಏನು ಮಾತನಾಡಿದರೆಂಬುದು ನನಗೆ ಆಗ ಕೇಳಿಸಲಿಲ್ಲ. ತಟ್ಟೆ ಮಾತ್ರ ಬರಿದಾಗಿ ಹಿಂದಿರುಗಿತು.

ಇಪ್ಪತ್ತು ದಿನ ಕಳೆಯುವುದರೊಳಗೆ ಅತ್ತೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವಳು ಹಾಗೆಯೇ ಬೆಂಕಿಗೆ ಬಿದ್ದಳು. ಎಡಗೈ ಮೊಳಕೈವರೆಗೆ ಬೆಂದಿತು. ಸುಟ್ಟ ಗಾಯಕ್ಕೆ ಔಷಧವಾಗಲೆಂದು ಹೊನ್ನಾಳಿಗೆ ಕರೆದುಕೊಂಡು ಹೋದುದರಿಂದಲೇ, ಗಾಳಿಗೆಂದಲ್ಲ, ಅವಳು ಒಬ್ಬ ವೈದ್ಯರ ಕಣ್ಣಿಗೆ ಬಿದ್ದಳು. ಅವರು ಕೈಗೆ ಪಟ್ಟಿ ಕಟ್ಟುತ್ತ, ಬೆಂಕಿಗೆ ಬಿದ್ದದ್ದು ಹೇಗೆಂದು ವಿಚಾರಿಸಿದರು. ಆಮೇಲೆ ಒಂದು ಗೆರೆಹಾಕಿದ ಪುಸ್ತಕವನ್ನು ತೆಗೆದುಕೊಂಡು ಪ್ರಶ್ನೆಗಳನ್ನು ಮೊದಲಿಟ್ಟರು. ಮೊದಲು ಬಿದ್ದದ್ದು ಎಂದು? ಎಷ್ಟು ಹೊತ್ತು? ನಾಲಗೆ ಕಚ್ಚಿಕೊಳ್ಳುವುದುಂಟೇ? ಮೂತ್ರ ಹೋಗುವುದುಂಟೇ? ಚಿಕ್ಕಂದಿನಲ್ಲಿ ಜ್ವರ ಬಂದು ಸೆಟೆದದ್ದುಂಟೇ? ಅವರೂ ಹೆಸರೇನೆಂದು ಕೇಳಿದರು. ಅತ್ತೆ ಬಹಳ ಹೊತ್ತು ಸುಮ್ಮನಿದ್ದು ತನ್ನ ಹೆಸರನ್ನು ಹೇಳಿದಳು. ಅವರು ಅದನ್ನೇ ಬರೆದುಕೊಂಡರು.

ಫಿನೋಬಾರ್ಬಿಟೋನ್ ಎಂಬ ಸಣ್ಣ ಮಾತ್ರೆ, ರಾತ್ರಿ ಮಲಗುವಾಗ ಒಂದು. ಆ ಔಷಧವು ಮೂರ್ಛೆರೋಗಕ್ಕೆ ಬಳಕೆಗೆ ಬಂದದ್ದು 1912ರಲ್ಲಿ. ಅಂದರೆ ನಾವು ಎತ್ತನ್ನು ಮಾರಿ ಹುಣಸೆಯ ಮರಕ್ಕೆ ಹೋಗುವ ಹೊತ್ತಿಗೆ ಅದು ಅರುವತ್ತೆರಡು ವರ್ಷದ ಹಳೆಯ ಮಾತು, ಬೆಲೆಯೂ ಅಗ್ಗ. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸಣ್ಣ ವಿದ್ಯುತ್ತಿನ ಸಂಜ್ಞೆಯಿಂದ ಮಾತನಾಡುತ್ತವೆ; ಎಂದೋ ಒಮ್ಮೆ ಅವೆಲ್ಲವೂ ಒಟ್ಟಿಗೆ ಕೂಗಿಕೊಂಡರೆ ಮೈ ಸೆಟೆಯುತ್ತದೆ. ಮಾತ್ರೆಯು ಆ ಗದ್ದಲವನ್ನು ತಗ್ಗಿಸುತ್ತದೆ. ವೈದ್ಯರು ಇದನ್ನೇ ಹೇಳಿ, ಯಾರ ಮಾತನ್ನು ಕೇಳಿಯೂ ಇದ್ದಕ್ಕಿದ್ದಂತೆ ನಿಲ್ಲಿಸಕೂಡದೆಂದು ಎರಡು ಸಲ ಎಚ್ಚರಿಸಿದರು. ಒಂದು ವರ್ಷ ಅವಳು ಬೀಳಲೇ ಇಲ್ಲ. ಗುಣವಾಯಿತೆಂದು ಅಜ್ಜಿ ಹರಕೆ ತೀರಿಸಿ ಮಾತ್ರೆಯನ್ನು ಬಿಡಿಸಿದರು. ನಾಲ್ಕು ದಿನಕ್ಕೆ ಮತ್ತೆ ಬಿದ್ದಳು.

ನಟರಾಜನ ವಿಗ್ರಹದ ಪಾದದ ಕೆಳಗೆ ಒಬ್ಬ ಕುಬ್ಜನು ಬಿದ್ದಿರುವುದನ್ನು ವಾಚಕರು ನೋಡಿರಬಹುದು. ಅವನ ಹೆಸರು ಅಪಸ್ಮಾರ. ಶಿವನು ಅವನನ್ನು ಕೊಂದಿಲ್ಲ. ತುಳಿದು ಹಿಡಿದಿದ್ದಾನೆ, ಅಷ್ಟೆ. ಚರಕ ಸಂಹಿತೆಯಲ್ಲಿ ಇದೇ ಹೆಸರಿನ ರೋಗಕ್ಕೆ ಒಂದು ಪ್ರಕರಣವೇ ಇದೆ. ಅತ್ತ ಗ್ರೀಕರ ದೇಶದಲ್ಲಿ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥವೊಂದು, ಜನರು ಪವಿತ್ರವೆಂದು ಕರೆಯುವ ಈ ರೋಗವು ಉಳಿದ ರೋಗಗಳಿಗಿಂತ ಹೆಚ್ಚು ಪವಿತ್ರವೇನಲ್ಲ, ಅದರ ಮೂಲ ಮಿದುಳಿನಲ್ಲಿದೆ ಎಂದು ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ವಾದಿಸಿತು. ಇಷ್ಟು ಜನ ಇಷ್ಟು ಹಿಂದೆ ಹೇಳಿದ್ದು ನಮ್ಮ ಪಡಸಾಲೆಯನ್ನು ಮುಟ್ಟಲಿಲ್ಲವೆಂದರೆ ತಪ್ಪು ಕೇವಲ ನಮ್ಮ ದೊಡ್ಡಪ್ಪನವರದೆಂದು ನಾನು ಒಪ್ಪಲಾರೆ.

ಶಾಸನವನ್ನು ಬರೆಯುವವರೂ ಈ ಭಯಕ್ಕೆ ಹೊರತಾಗಿರಲಿಲ್ಲ. ಹಿಂದೂ ವಿವಾಹದ ಅಧಿನಿಯಮಕ್ಕೆ 1976ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಪದೇ ಪದೇ ಹುಚ್ಚು ಅಥವಾ ಅಪಸ್ಮಾರ ಬರುವವರು ಮದುವೆಗೆ ಅರ್ಹರಲ್ಲವೆಂದು ಸೇರಿಸಿದರು. ಅಪಸ್ಮಾರವೆಂಬ ಆ ಮಾತನ್ನು ತೆಗೆದದ್ದು 1999ರಲ್ಲಿ. ಜಗಳೂರಿನವರು ಇಷ್ಟಕ್ಕೆಲ್ಲ ಕಾಯಲಿಲ್ಲ. ಮರುವರ್ಷವೇ ಬೇರೆ ಸಂಬಂಧ ಮಾಡಿಕೊಂಡರು. ಅತ್ತೆ ನಮ್ಮ ಮನೆಯಲ್ಲಿಯೇ ಉಳಿದಳು. ನನ್ನನ್ನೂ ನನ್ನ ಮಕ್ಕಳನ್ನೂ ಬೆಳೆಸಿದಳು.

ನನ್ನ ಮನಸ್ಸಿಗೆ ಒಪ್ಪುವ ಬೇಟೆಯ ದಂಡು ಬೇರೊಂದು ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆ ಏರ್ಪಟ್ಟದ್ದು ನಾವು ಹುಣಸೆಯ ಮರಕ್ಕೆ ಹೋದ ಆ 1974ರಲ್ಲಿಯೇ. ಅದರ ವೈದ್ಯರು 1985ರಲ್ಲಿ, ಜಗಳೂರಿಗೆ ಸೆರಗು ತಾಕುವಂತಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ದಾದಿಯರಿಗೂ ಮನೋರೋಗವನ್ನೂ ಮೂರ್ಛೆರೋಗವನ್ನೂ ಗುರುತಿಸಿ ಮದ್ದು ಕೊಡುವ ತರಬೇತಿನ ಕೆಲಸವನ್ನು ಆರಂಭಿಸಿದರು. ದೇಶದಲ್ಲಿ 1996ರಿಂದ ನಡೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಗೂಟವಿಲ್ಲ, ಮೊಳೆಯಿಲ್ಲ, ಒಂದು ಪುಸ್ತಕ, ಒಂದು ಡಬ್ಬಿ ಮಾತ್ರೆ. ಇಂಥದರ ಮೇಲೆ ಯಾರೂ ಕಾದಂಬರಿ ಬರೆಯುವುದಿಲ್ಲ. ಪೀಡೆ ಬಿಡಿಸುವ ನೆಪದಿಂದ ಮನುಷ್ಯರನ್ನು ಹಿಂಸಿಸುವುದನ್ನು ಅಪರಾಧವೆಂದು ಸಾರಿದ ಕರ್ನಾಟಕದ ಅಧಿನಿಯಮ 2017ರದು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅದನ್ನು ಪತ್ರಿಕೆಯಲ್ಲಿ ಓದಿದಾಗ ಒಂಬತ್ತು ವರ್ಷದ ಕಂದೀಲಿನವನಿಗೆ ಯಾವ ಕಲಮು ಹತ್ತುತ್ತಿತ್ತೋ ಎಂದು ಒಂದು ಗಳಿಗೆ ಯೋಚಿಸಿದೆನು.

ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರಿನಲ್ಲಿ 'ನಾಳೆ ಬಾ' ಎಂಬ ಬರಹವು ಬಾಗಿಲುಗಳ ಮೇಲೆ ಕಾಣಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. ರಾತ್ರಿಯಲ್ಲಿ ಒಬ್ಬಳು ಪಿಶಾಚಿ ಬಂದು ಪರಿಚಯದವರ ಧ್ವನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆರೆದವರು ಉಳಿಯುವುದಿಲ್ಲ. ಬರಹವನ್ನು ಕಂಡರೆ ಹಿಂದಿರುಗಿ ಮರುದಿನ ಬರುತ್ತಾಳೆ, ಹೀಗೆ ದಿನವೂ ನಡೆಯುತ್ತದೆ ಎಂದು ಪುಕಾರು. ನಮ್ಮ ಮಕ್ಕಳೂ ಸುಣ್ಣದ ಕಡ್ಡಿಯಿಂದ ಬಾಗಿಲ ಮೇಲೆ ದೊಡ್ಡದಾಗಿ ಬರೆದರು. ಅತ್ತೆ ಅದನ್ನು ನೋಡಿ ನಕ್ಕಳು. "ಈಗಿನ ದೆವ್ವಕ್ಕೆ ಓದು ಬರ್ತೈತೇನೋ. ನನಗೆ ಬಡಿದಿದ್ದಕ್ಕೆ ಬರ್ತಿರಲಿಲ್ಲ."

ಆ ರಾತ್ರಿ ಮಕ್ಕಳು ಮಲಗಿದಮೇಲೆ ನಾನು ಇಪ್ಪತ್ತು ವರ್ಷ ನುಂಗಿಕೊಂಡಿದ್ದ ಮಾತನ್ನು ಆಡಿದೆನು. "ಅತ್ತೇ, ಕಂದೀಲು ಹಿಡಿದವನು ನಾನೇ."

"ಗೊತ್ತೈತಿ. ನಿನ್ನ ಕೈ ನಡುಗತಿತ್ತು."

ನನ್ನ ನೆನಪಿನಲ್ಲಿ ನಡುಕವಿಲ್ಲ, ಹೆಮ್ಮೆಯೇ ಇರುವುದು. ಅವಳು ಕಂಡದ್ದು ನಿಜವೋ, ನನ್ನನ್ನು ಉಳಿಸಲು ಆಡಿದ ಮಾತೋ ಎಂಬುದನ್ನು ನಾನು ಕೆದಕಲಿಲ್ಲ. ಆ ತಾಯಿಗೆ ಏನು ಹೇಳಿದೆ ಎಂದು ಕೇಳಿದೆನು.

"ಹಸಿವಿಲ್ಲ ಅಂದಳು, ನೀರು ಕುಡಿದು ತಣ್ಣಗಿದ್ದಾಳೆ, ನಿನ್ನ ನೆನಸಿದಳು ಅಂತ ಹೇಳಿದೆ. ಹೋಳಿಗೆ ಅವಳ ಎದುರಿಗೇ ತಿಂದೆ. ಮರದ ಕೆಳಗೆ ಹೇಳಿದ್ದು ಹೊಡೆತ ತಾಳಲಾರದೆ ಹೇಳಿದ ಸುಳ್ಳು. ಇದಕ್ಕೆ ಯಾರೂ ನನ್ನ ಹೊಡೆದಿರಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಎದ್ದು ಮಾತ್ರೆಯನ್ನು ನುಂಗಿದಳು. ಬಾಗಿಲ ಮೇಲಿನ ಬರಹವನ್ನು ಒರೆಸಿಬಿಡಲೇ ಎಂದೆನು. "ಇರಲಿ ಬಿಡು, ಮಕ್ಕಳು ಹೆದರಿಕೊಂಡಾವು" ಎಂದು ಚಿಲಕ ಹಾಕಿ ಮಲಗಲು ಹೋದಳು.