ಬದಲಾಗುವುದಕ್ಕೊಂದು ಕೋಣೆ

ನಮ್ಮ ಕೂಟದ ಹಳೆಯ ಬರಹಗಳು ಯೂನಿಕೋಡಿಗೆ ಹಿಂದಿನ ಫಾಂಟುಗಳಲ್ಲಿವೆ. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡವೇ ಕಾಣದು. ಅವನ್ನು ಉಳಿಸಿಕೊಳ್ಳಲು ನಾವೇ ತಂತ್ರಾಂಶ ಕಟ್ಟಹೊರಟಾಗ ಮೊದಲ ಚರ್ಚೆ ವಿನ್ಯಾಸದ್ದೇ. ಓದು, ಪರಿವರ್ತಿಸು, ಜೋಡಿಸು, ತೋರಿಸು ಎಂದು ಕೆಲಸದ ಸರದಿಯಂತೆ ಭಾಗಮಾಡುವುದು ಸಹಜವೆನಿಸುತ್ತದೆ. ಡೇವಿಡ್ ಪಾರ್ನಸ್ 1972ರಲ್ಲೇ ಬೇರೆ ದಾರಿ ತೋರಿದ್ದರು: ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಘಟಕದೊಳಗೆ ಅಡಗಿಸಿ, ಹೊರಗಿನವರಿಗೆ ಬಾಗಿಲಷ್ಟೇ ಕಾಣಿಸುವುದು. ಅಂತೆಯೇ ಹಳೆಯ ಸಂಕೇತಗಳ ಗೋಜೆಲ್ಲ ಒಂದೇ ಘಟಕಕ್ಕೆ ಸೇರಿತು. ಅಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೇ ಮುಂದೆ. ಈ ತಗಾದೆ ಇನ್ನೂ ಮುಗಿದಿಲ್ಲ. ಆದರೆ ತಿದ್ದುಪಡಿ ಆ ಘಟಕದ ಹೊಸಿಲು ದಾಟುತ್ತಿಲ್ಲ. ಅಕಾರಾದಿ ಜೋಡಣೆಗೆ ಇನ್ನೊಂದು ಘಟಕ, ಕಡತಗಳನ್ನು ಇಡುವುದಕ್ಕೆ ಮತ್ತೊಂದು. ಇಷ್ಟು ಸಾಕೆಂಬುದು ನಮ್ಮ ಅಭಿಮತ. ತೀರಿಕೊಂಡ ಹಿರಿಯರೊಬ್ಬರ 40 ಪ್ರಬಂಧಗಳು ಈಗ ಸರದಿಯಲ್ಲಿವೆ.