ಅಪ್ಪನಿಗೆ ಬಹುವಚನ

ಇಂಗ್ಲಿಷಿನಲ್ಲಿ ಕರ್ತೃವಿಗೆ ಕ್ರಿಯಾಪದವನ್ನು ಹೊಂದಿಸಲು ಕಲಿಸುತ್ತ ನಾನು ಸವೆಸಿದ ಸೀಮೆಸುಣ್ಣಕ್ಕೆ ಲೆಕ್ಕವಿಲ್ಲ. ನಮ್ಮ ಕಾಸರಗೋಡಿನ ಹಳ್ಳಿಶಾಲೆಯ ಮಕ್ಕಳು ಮೂರು ವ್ಯಾಕರಣಗಳ ನಡುವೆ ಬೆಳೆಯುವವರು. (ಮನೆಯ ತುಳುವನ್ನು ಬಿಟ್ಟೇ ಹೇಳುತ್ತಿದ್ದೇನೆ.) ಕನ್ನಡದಲ್ಲಿ ಬಂದೆನು, ಬಂದನು, ಬಂದಳು, ಬಂದಿತು, ಬಂದರು ಎಂದು ಕ್ರಿಯಾಪದವೇ ಕರ್ತೃವಿನ ಗುರುತು ಹೇಳುತ್ತದೆ. ಬೀದಿಗಿಳಿದರೆ ಮಲೆಯಾಳ; ಅಲ್ಲಿ ಞಾನ್, ಅವನ್, ಅವಳ್, ಅವರ್, ಯಾರೇ ಆಗಲಿ, 'ವನ್ನು' ಒಂದೇ. ಇಂಗ್ಲಿಷು ಇವೆರಡರ ಮಧ್ಯೆ ನಿಂತು, ವರ್ತಮಾನಕಾಲದ ಅನ್ಯಪುರುಷ ಏಕವಚನಕ್ಕೆ ಮಾತ್ರ ಒಂದು 'ಎಸ್' ಅಂಟಿಸಿ ಸುಮ್ಮನಾಗುತ್ತದೆ. 'ಆಮ್, ಈಸ್, ಆರ್'ಗಳ ಪಾಡು ಬೇರೆ.

1998ರಲ್ಲಿ, ತರಬೇತಿ ಮುಗಿಸಿ ಬಂದ ಹೊಸತರಲ್ಲಿ, ಐದನೆಯ ತರಗತಿಯ ಹುಡುಗನೊಬ್ಬ 'ಮೈ ಫಾದರ್ ಆರ್ ಎ ಫಾರ್ಮರ್' ಎಂದು ಬರೆದಿದ್ದ. ಅದನ್ನು ನಾನು ಗಟ್ಟಿಯಾಗಿ ಓದಿದೆ. ತರಗತಿ ನಕ್ಕಿತು.

"ಅಪ್ಪನಿಗೆ ಏಕವಚನ ಹೇಗೆ ಬರೆಯುವುದು ಮಾಷ್ಟ್ರೇ?" ಎಂದ, ತಲೆ ತಗ್ಗಿಸಿಕೊಂಡು.

"ಇಂಗ್ಲಿಷಿಗೆ ಆ ಮರ್ಯಾದೆಯೆಲ್ಲ ಗೊತ್ತಿಲ್ಲ" ಎಂದು ಗದರಿಸಿ, ಹತ್ತು ಸಲ 'ಈಸ್' ಬರೆಸಿದೆ. ಬರೆದ. ಆದರೆ ಆ ವರ್ಷದ ಪರೀಕ್ಷೆಯಲ್ಲಿ ಮನೆಯ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದಾಗ, ಅವನ ಉತ್ತರದಲ್ಲಿ ಅಪ್ಪನೇ ಇರಲಿಲ್ಲ.

ನಾನು ಹೇಳಿದ್ದೂ ಸರಿಯಾಗಿರಲಿಲ್ಲ. ಇಂಗ್ಲಿಷಿನಲ್ಲಿ ಹಿಂದೆ ಒಬ್ಬನಿಗೆ 'ದೌ', ಹಲವರಿಗೆ 'ಯೀ', 'ಯು' ಎಂದಿತ್ತು. ದೊಡ್ಡವರೊಬ್ಬರೇ ಇದ್ದರೂ ಗೌರವದಿಂದ ಬಹುವಚನ ಬಳಸುತ್ತ ಬಳಸುತ್ತ, ಕೊನೆಗೆ 'ಯು' ಎಲ್ಲರಿಗೂ ಸಂದಿತು, 'ದೌ' ಮೂಲೆಗೆ ಸರಿಯಿತು. ಎದುರಿಗಿರುವವನು ಒಬ್ಬನೇ ಆದರೂ ಇಂದಿಗೂ 'ಯು ಆರ್' ಎನ್ನುವುದು ಆ ಹಳೆಯ ಮರ್ಯಾದೆಯ ಉಳಿಕೆ. ಇದನ್ನು ನಾನು ಓದಿ ತಿಳಿಯುವ ಹೊತ್ತಿಗೆ ಹುಡುಗ ಶಾಲೆ ಬಿಟ್ಟು ಬಹಳ ವರ್ಷವಾಗಿತ್ತು.

ಇನ್ನೊಂದು ಸಂಗತಿ ಅದಕ್ಕಿಂತಲೂ ತಡವಾಗಿ ಹೊಳೆಯಿತು. ಅದೇ ಪುಟದಲ್ಲಿ ಅವನು 'ಮೈ ಮದರ್ ಈಸ್' ಎಂದು ಬರೆದಿದ್ದ. ನಾನು ಸರಿ ಗುರುತು ಹಾಕಿದ್ದೆ. ಅವನಿಗೆ ಅದು ಇಂಗ್ಲಿಷ್ ವ್ಯಾಕರಣವಾಗಿರಲಿಲ್ಲ, ಮನೆಯ ವ್ಯಾಕರಣವಾಗಿತ್ತು: ಅಪ್ಪ ಬಂದರು, ಅಮ್ಮ ಬಂದಳು. ನಮ್ಮ ಮನೆಯಲ್ಲೂ ಹಾಗೆಯೇ. ಊರಿನಲ್ಲಿರುವ ತಂಗಿಗೆ ಕಾಗದ ಬರೆಯುವಾಗ ಈಗೀಗ 'ಅಮ್ಮ ಊಟ ಮಾಡಿದರು' ಎಂದು ಬರೆಯಹೊರಡುತ್ತೇನೆ. ಯಾರೋ ನೆಂಟರ ಹೆಂಗಸಿನ ವಿಷಯ ಬರೆದಂತಾಗುತ್ತದೆ. ಹೊಡೆದುಹಾಕಿ, 'ಮಾಡಿದಳು' ಎಂದೇ ತಿದ್ದುತ್ತೇನೆ.